ವಾಚಕನ ಓಲೆ, ವಿಮರ್ಶಕನ ತೀರ್ಪು: ‘ಡಾಕ್ಟರ್ ನೋ’ ಕಾದಂಬರಿಯ ಚರಿತ್ರೆಯಿಂದ ಒಂದು ವಿಚಾರ

ಸಾಹಿತ್ಯಚರಿತ್ರೆಯನ್ನು ಬರೆಯುವವರು ಗ್ರಂಥಕರ್ತನ ಕಾಲ, ದೇಶ, ಆಶ್ರಯ, ಕೃತಿಗಳ ಸಂಖ್ಯೆ ಮೊದಲಾದುವನ್ನು ಬಹಳ ಶ್ರಮವಹಿಸಿ ನಿರ್ಣಯಿಸುತ್ತಾರೆ. ಪಂಡಿತರೂ ವಿಮರ್ಶಕರೂ ಕೃತಿಯ ವಿಷಯದಲ್ಲಿ ಏನು ಹೇಳಿದರೆಂಬುದನ್ನೂ ಬರೆದಿಡುತ್ತಾರೆ. ಆದರೆ ಪುಸ್ತಕವನ್ನು ಕಾಸು ಕೊಟ್ಟು ಕೊಂಡೋ, ವಾಚನಾಲಯದಿಂದ ಎರವಲು ತಂದೋ ಓದಿದ ಸಾಮಾನ್ಯ ವಾಚಕನು ಏನೆಂದುಕೊಂಡನು ಎಂಬ ಪ್ರಶ್ನೆಗೆ ಅಂಥ ಚರಿತ್ರೆಗಳಲ್ಲಿ ಉತ್ತರ ಸಿಕ್ಕುವುದು ದುರ್ಲಭ. ಅವನ ಅಭಿಪ್ರಾಯ ಜಗಲಿಯ ಮೇಲೆ ಹುಟ್ಟಿ ಜಗಲಿಯ ಮೇಲೆಯೇ ಕರಗಿಹೋಗುತ್ತದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ನಮ್ಮ ನಾಡಿನ ಜನರನ್ನು, ವಿಧಿವತ್ತಾಗಿ ಓದದೆಯೂ ಕಾವ್ಯದ ಮರ್ಮವನ್ನು ಬಲ್ಲವರೆಂದು ಹೊಗಳಿದೆ. ಆ ಹೊಗಳಿಕೆಯನ್ನು ನಾವು ಸಭೆಗಳಲ್ಲಿ ಅಭಿಮಾನದಿಂದ ಉದಾಹರಿಸುತ್ತೇವೆಯೇ ಹೊರತು, ಹಾಗೆ ಬಲ್ಲವರ ಮಾತುಗಳನ್ನು ಕೂಡಿಟ್ಟಿದ್ದೇವೆಯೆ?

ವಾಚಕರ ಅಭಿಪ್ರಾಯ ಉಳಿದು ಬಂದಿರುವ, ಅಷ್ಟೇ ಅಲ್ಲದೆ ಕೃತಿಯೊಳಗೇ ಅದರ ಗುರುತು ಬಿದ್ದಿರುವ ಒಂದು ನಿದರ್ಶನವನ್ನು ನಾವು ಇಲ್ಲಿ ವಿಚಾರಿಸಬಯಸುತ್ತೇವೆ. ಅದು ಯಾವ ಮಹಾಕಾವ್ಯದ್ದೂ ಅಲ್ಲ. ಇಯಾನ್ ಫ್ಲೆಮಿಂಗ್ ಎಂಬ ಆಂಗ್ಲ ಲೇಖಕನು ಬರೆದ, ಜೇಮ್ಸ್ ಬಾಂಡ್ ಎಂಬ ಗೂಢಚಾರನ ಸಾಹಸಗಳನ್ನು ಹೇಳುವ ಕಾದಂಬರಿಮಾಲೆಯ ಆರನೆಯ ಪುಸ್ತಕ ‘ಡಾಕ್ಟರ್ ನೋ’. ಉಪಾಧ್ಯಾಯರ ಸಂಶೋಧನ ಸಂಚಿಕೆಗೆ ಇದೇನು ವಿಷಯವೆಂದು ಕೆಲವರು ಹುಬ್ಬೇರಿಸಬಹುದು. ನಮ್ಮ ವಿದ್ಯಾರ್ಥಿಗಳು ಪಠ್ಯಪುಸ್ತಕದ ಮರೆಯಲ್ಲಿಟ್ಟುಕೊಂಡು ಓದುವುದು ಎಂಥ ಪುಸ್ತಕಗಳನ್ನೆಂಬುದು ಉಪಾಧ್ಯಾಯರಾದವರಿಗೆ ತಿಳಿಯದ ಸಂಗತಿಯಲ್ಲ. ತಿಳಿದೂ ವಿಚಾರಿಸದಿರುವುದು ಸಂಶೋಧಕನಿಗೆ ಒಪ್ಪುವ ಮಾತಲ್ಲ.

ಮೊದಲು ಮಾಲೆಯ ಪರಿಚಯ. ಫ್ಲೆಮಿಂಗ್ ಹುಟ್ಟಿದ್ದು 1908ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಗುಪ್ತವಾರ್ತಾ ವಿಭಾಗದಲ್ಲಿ ಕೆಲಸಮಾಡಿ, ಯುದ್ಧಾನಂತರ ಪತ್ರಿಕೋದ್ಯಮವನ್ನು ಸೇರಿದನು. ವರ್ಷಕ್ಕೊಮ್ಮೆ ಚಳಿಗಾಲದ ರಜೆಯಲ್ಲಿ ಜಮೈಕಾ ದ್ವೀಪದ ತನ್ನ ‘ಗೋಲ್ಡನ್ ಐ’ ಮನೆಗೆ ಹೋಗಿ ಒಂದೊಂದು ಕಾದಂಬರಿಯನ್ನು ಬರೆದು ತರುತ್ತಿದ್ದನು. ಮೊದಲನೆಯದಾದ ‘ಕ್ಯಾಸಿನೊ ರಾಯಲ್’ 1953ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಅದರ ಮೊದಲ ಮುದ್ರಣ 4,728 ಪ್ರತಿಗಳು ಮಾತ್ರ. ಆಮೇಲೆ ವರ್ಷಕ್ಕೊಂದರಂತೆ ಪುಸ್ತಕಗಳು ಬಂದುವು. ಹೀಗೆ ಕ್ರಮವಾಗಿ ಬರುವ ಮಾಲೆಗೆ ಒಂದು ವಿಶೇಷವುಂಟು. ಬಿಡಿಯಾದ ಕಾದಂಬರಿಯನ್ನು ಓದಿದವನು ಮೆಚ್ಚುತ್ತಾನೆ ಇಲ್ಲವೆ ಬಿಡುತ್ತಾನೆ. ಮಾಲೆಯ ವಾಚಕನಾದರೋ ನಾಯಕನನ್ನು ಮನೆಯವನಂತೆ ಭಾವಿಸಿ, ಅವನ ಉಡುಗೆ ತೊಡುಗೆ, ಊಟ ಉಪಚಾರಗಳ ಲೆಕ್ಕವನ್ನೆಲ್ಲ ಇಟ್ಟುಕೊಳ್ಳುತ್ತಾನೆ. ಲೇಖಕನು ಮುಂದಿನ ವರ್ಷ ಮತ್ತೆ ಬರುವವನಾದುದರಿಂದ ಅವನಿಗೆ ಬುದ್ಧಿ ಹೇಳುವುದಕ್ಕೂ ಅವಕಾಶವಿರುತ್ತದೆ.

1956ರ ಮೇ ತಿಂಗಳಲ್ಲಿ ಅಂಥ ಬುದ್ಧಿಮಾತಿನ ಒಂದು ಓಲೆ ಬಂದಿತು. ಬರೆದವನು ಸ್ಕಾಟ್ಲೆಂಡಿನ ಗ್ಲಾಸ್ಗೋ ಪ್ರದೇಶದ ಜೆಫ್ರಿ ಬೂತ್‌ರಾಯ್ಡ್. ಬಂದೂಕು ಪಿಸ್ತೂಲುಗಳ ವಿಷಯದಲ್ಲಿ ಆಳವಾದ ಆಸಕ್ತಿಯುಳ್ಳವನು. ಅವನ ಓಲೆಯ ತಾತ್ಪರ್ಯವಿಷ್ಟು: ಬಾಂಡನ ಮೇಲೆ ತನಗೆ ಮಮತೆ ಬೆಳೆದಿದೆ, ಆದರೆ ಅವನು ಆಯುಧವನ್ನು ಆರಿಸಿಕೊಂಡ ಬಗೆ ಶೋಚನೀಯ. ಅವನು ಹಿಡಿಯುತ್ತಿದ್ದ 0.25 ಅಂಗುಲದ ಬೆರೆಟ್ಟಾ ಹೆಂಗಸರು ಕೈಚೀಲದಲ್ಲಿ ಇಟ್ಟುಕೊಳ್ಳತಕ್ಕಂಥದು. ಪ್ರಾಣಾಂತಿಕ ಉದ್ಯೋಗದಲ್ಲಿರುವವನಿಗೆ ಸಲ್ಲದು. ಅದರ ಬದಲು ಇಂಥ ರಿವಾಲ್ವರನ್ನು, ಇಂಥ ಚರ್ಮದ ಒರೆಯಲ್ಲಿ ಇಡತಕ್ಕದ್ದು ಎಂದು ತಯಾರಕರ ಹೆಸರುಗಳೊಡನೆ ಸೂಚಿಸಿದ್ದನು.

ಫ್ಲೆಮಿಂಗ್ ಈ ಓಲೆಯನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ಮುಂದಿನ ಪುಸ್ತಕವಾದ ‘ಫ್ರಮ್ ರಷ್ಯಾ ವಿತ್ ಲವ್’ ಆಗಲೇ ಪ್ರಕಾಶಕರ ಕೈಸೇರಿದೆಯೆಂದೂ, ಅದರ ಮುಂದಿನದರಲ್ಲಿ ತಿದ್ದಿಕೊಳ್ಳುವುದಾಗಿಯೂ ಉತ್ತರ ಬರೆದನು. ಪತ್ರವ್ಯವಹಾರ ಬೆಳೆಯಿತು. ಆ ಪುಸ್ತಕದ ರಕ್ಷಾಪುಟಕ್ಕೆ ರಿಚರ್ಡ್ ಚಾಪಿಂಗ್ ಎಂಬ ಕಲಾವಿದನು ಬರೆದ ಚಿತ್ರದಲ್ಲಿರುವ ರಿವಾಲ್ವರು, ಈ ವಾಚಕನೇ ನೋಡಿ ಬರೆಯುವುದಕ್ಕಾಗಿ ಎರವಲು ಕೊಟ್ಟದ್ದು. ‘ಫ್ರಮ್ ರಷ್ಯಾ ವಿತ್ ಲವ್’ 1957ರಲ್ಲಿ ಹೊರಬಂದಿತು. ಅದರ ಕೊನೆಯಲ್ಲಿ ಬಾಂಡನು ವಿಷದ ಏಟು ತಿಂದು ನೆಲಕ್ಕುರುಳುತ್ತಾನೆ. ಬದುಕಿದನೋ ಸತ್ತನೋ ಎಂಬುದನ್ನು ಲೇಖಕನು ಹೇಳದೆ ಪುಸ್ತಕವನ್ನು ಮುಗಿಸಿಬಿಟ್ಟಿದ್ದಾನೆ.

1958ರ ಮಾರ್ಚ್ 31ರಂದು ಪ್ರಕಟವಾದ ‘ಡಾಕ್ಟರ್ ನೋ’ದಲ್ಲಿ ಬಾಂಡನು ಬದುಕಿ ಮತ್ತೆ ಕೆಲಸಕ್ಕೆ ಬರುತ್ತಾನೆ. ಬಂದೊಡನೆಯೇ ಮೇಲಧಿಕಾರಿಯ ಕೋಣೆಯಲ್ಲಿ ಪಂಚಾಯಿತಿ ನಡೆಯುತ್ತದೆ. ಹಿಂದಿನ ಸಾಹಸದಲ್ಲಿ ಬೆರೆಟ್ಟಾ ಪಿಸ್ತೂಲು ಬಟ್ಟೆಗೆ ಸಿಕ್ಕಿಕೊಂಡಿತಷ್ಟೆ; ಆದುದರಿಂದ ಅದನ್ನು ಬಿಡತಕ್ಕದ್ದೆಂದು ಆಜ್ಞೆಯಾಗುತ್ತದೆ. ಸಲಹೆ ಕೊಡಲು ಬಂದ ಶಸ್ತ್ರತಜ್ಞನ ಹೆಸರು ಮೇಜರ್ ಬೂತ್‌ರಾಯ್ಡ್! ಅವನು ಹೇಳುವ ಮಾತು ಗ್ಲಾಸ್ಗೋವಿನ ಓಲೆಯ ಮಾತೇ. ಅಂದಿನಿಂದ ಬಾಂಡನ ಕೈಯಲ್ಲಿ 7.65 ಮಿಲಿಮೀಟರಿನ ವಾಲ್ತರ್ ಪಿಸ್ತೂಲು ನೆಲೆಸಿತು. 1962ರಲ್ಲಿ ಈ ಕಾದಂಬರಿಯೇ ಮಾಲೆಯ ಮೊದಲ ಚಲನಚಿತ್ರವಾದಾಗ ಪಿಸ್ತೂಲೂ ಮೇಜರನೂ ತೆರೆಯ ಮೇಲೆ ಬಂದರು. ಹೀಗೆ ಒಬ್ಬ ವಾಚಕನು ಕೃತಿಯನ್ನು ತಿದ್ದಿದನು. ತಾನೇ ಕೃತಿಯೊಳಗೆ ಪಾತ್ರವೂ ಆದನು. ಆದರೆ ತಿದ್ದುಪಡಿ ಪೂರ್ತಿ ಸರಿಹೋಗಲಿಲ್ಲವೆಂಬುದೂ ಉಂಟು. ಬೂತ್‌ರಾಯ್ಡನು ಹೇಳಿದ ಒರೆ ರಿವಾಲ್ವರಿಗೆ ಹೊಂದುವಂಥದು. ಫ್ಲೆಮಿಂಗ್ ಅದರಲ್ಲಿ ವಾಲ್ತರನ್ನು ಇರಿಸಿದನು. ಬಲ್ಲವರು ಅದನ್ನೂ ಹಿಡಿದರು. ಈ ಓಲೆಗಳ ಕಥೆಯನ್ನು ಫ್ಲೆಮಿಂಗ್ ತಾನೇ 1962ರಲ್ಲಿ ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಎಂಬ ಅಮೆರಿಕದ ಪತ್ರಿಕೆಯಲ್ಲಿ ಬರೆದುದರಿಂದ ಅದು ಚರಿತ್ರೆಗೆ ದಕ್ಕಿತು.

ಇಂಥ ತಿದ್ದುಪಡಿ ಇದೊಂದೇ ಅಲ್ಲ. ಒಂದು ಸುಗಂಧದ್ರವ್ಯವನ್ನು ಅದರ ನಿಜವಾದ ತಯಾರಕರ ಬದಲು ಇನ್ನೊಬ್ಬರ ಹೆಸರಿಗೆ ಹಚ್ಚಿದ್ದಕ್ಕೂ, ಒಂದು ರೈಲಿಗೆ ಇಲ್ಲದ ಬಗೆಯ ಬ್ರೇಕನ್ನು ಹೇಳಿದ್ದಕ್ಕೂ ವಾಚಕರು ಫ್ಲೆಮಿಂಗನನ್ನು ತರಾಟೆಗೆ ತೆಗೆದುಕೊಂಡರು. ಬಾಂಡನು ದೈತ್ಯಾಕಾರದ ಸಮುದ್ರಪ್ರಾಣಿಯೊಡನೆ ಸೆಣಸಿ ಗೆಲ್ಲುವುದನ್ನು ನಂಬುವ ವಾಚಕನು ರೈಲಿನ ಬ್ರೇಕು ತಪ್ಪಿದ್ದನ್ನು ಕ್ಷಮಿಸುವುದಿಲ್ಲ! ಮೇಲುನೋಟಕ್ಕೆ ಇದು ಹಾಸ್ಯಾಸ್ಪದವೆನಿಸಿದರೂ ಇದರಲ್ಲಿ ಒಂದು ನ್ಯಾಯವಿದೆ. ಸಣ್ಣ ಸಂಗತಿಗಳು ನಿಜವಾಗಿದ್ದರೆ ಮಾತ್ರ ದೊಡ್ಡ ಅದ್ಭುತವನ್ನು ಮನಸ್ಸು ಒಪ್ಪುತ್ತದೆ. ಹರಿಕಥೆಯಲ್ಲಿ ಹನುಮಂತನು ಕಡಲು ಹಾರುವುದನ್ನು ಕಣ್ಣರಳಿಸಿ ಕೇಳುವ ಅಜ್ಜಿಯೇ, ದಾಸರು ತಿಥಿಯನ್ನು ತಪ್ಪಾಗಿ ಹೇಳಿದರೆ ಎದ್ದು ನಿಂತು ಕೇಳುವುದಿಲ್ಲವೆ?

ಇನ್ನು ವಿಮರ್ಶಕರ ತೀರ್ಪಿನ ಕಡೆಗೆ ತಿರುಗೋಣ. ‘ಡಾಕ್ಟರ್ ನೋ’ ಹೊರಬಿದ್ದ ತಿಂಗಳಿನಲ್ಲಿಯೇ ‘ಟ್ವೆಂಟಿಯತ್ ಸೆಂಚುರಿ’ ಪತ್ರಿಕೆಯಲ್ಲಿ ಬರ್ನಾರ್ಡ್ ಬರ್ಗೋಂಝಿ ಎಂಬ ವಿದ್ವಾಂಸನು ಇಡೀ ಮಾಲೆಯ ನೈತಿಕ ದಾರಿದ್ರ್ಯವನ್ನು ಖಂಡಿಸಿದನು. 1958ರ ಏಪ್ರಿಲ್ 5ರಂದು ‘ನ್ಯೂ ಸ್ಟೇಟ್ಸ್‌ಮನ್’ನಲ್ಲಿ ಪಾಲ್ ಜಾನ್ಸನ್‌ನ ಲೇಖನ ಬಂದಿತು. ಕಾಮ, ಕುಲೀನತೆಯ ಸೋಗು, ಕ್ರೌರ್ಯ, ಈ ಮೂರೇ ‘ಡಾಕ್ಟರ್ ನೋ’ದ ಸಾಮಗ್ರಿ, ತಾನು ಓದಿದ ಪುಸ್ತಕಗಳಲ್ಲೆಲ್ಲ ಇದರಷ್ಟು ಹೇಸಿಗೆಯದು ಇಲ್ಲವೆಂಬ ಅರ್ಥದಲ್ಲಿ ಅವನು ಬರೆದನು. ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಸಂಪಾದಕೀಯದಲ್ಲಿ ಬಾಂಡನ ಭೋಗಾಡಂಬರವನ್ನು ಟೀಕಿಸಿತು. ಫ್ಲೆಮಿಂಗ್ ಅದಕ್ಕೆ ಪತ್ರಮುಖೇನ ಸಮಾಧಾನ ಹೇಳಿದನು. ‘ಸ್ಪೆಕ್ಟೇಟರ್’ನಲ್ಲಿ ಸೈಮನ್ ರೇವನ್ ಎಂಬ ಕಾದಂಬರಿಕಾರನು ಲೇಖಕನ ಕಥನಶಕ್ತಿಯನ್ನು ಎತ್ತಿಹಿಡಿದು ಪ್ರತಿವಾದಿಸಿದನು. ಇಷ್ಟೆಲ್ಲ ಗದ್ದಲವಾದರೂ ಮಾಲೆ ನಿಲ್ಲಲಿಲ್ಲ. ಮರುವರ್ಷ ‘ಗೋಲ್ಡ್‌ಫಿಂಗರ್’ ಬಂದಿತು. 1961ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿಯ ಮೆಚ್ಚಿನ ಹತ್ತು ಪುಸ್ತಕಗಳ ಪಟ್ಟಿಯನ್ನು ‘ಲೈಫ್’ ಪತ್ರಿಕೆ ಅಚ್ಚುಮಾಡಿದಾಗ ಅದರಲ್ಲಿ ‘ಫ್ರಮ್ ರಷ್ಯಾ ವಿತ್ ಲವ್’ ಸೇರಿತ್ತು. ಆ ಒಬ್ಬ ವಾಚಕನ ಮೆಚ್ಚುಗೆಯಿಂದ ಅಮೆರಿಕದಲ್ಲಿ ಈ ಪುಸ್ತಕಗಳ ಮಾರಾಟ ಏರಿತು.

ಹಾಗೆಂದು ವಾಚಕನು ಮಾಲೆಯ ನಾಯಕನಿಗೆ ಮಾರುಹೋದ ದಾಸನೆಂದು ತಿಳಿಯಬಾರದು. 1962ರಲ್ಲಿ ಫ್ಲೆಮಿಂಗ್ ಹೊಸ ಪ್ರಯೋಗವನ್ನು ಮಾಡಿದನು. ‘ದಿ ಸ್ಪೈ ಹೂ ಲವ್ಡ್ ಮಿ’ ಎಂಬ ಕಾದಂಬರಿಯನ್ನು ಒಬ್ಬ ಯುವತಿಯ ಬಾಯಿಂದ ಹೇಳಿಸಿ, ಬಾಂಡನನ್ನು ಕಥೆಯ ಬಹುಭಾಗ ಕಳೆದ ಮೇಲೆ ಕರೆತಂದನು. ವಾಚಕರಿಗೂ ವಿಮರ್ಶಕರಿಗೂ ಅದು ಹಿಡಿಸಲಿಲ್ಲ. ಲೇಖಕನು ಎಷ್ಟು ನೊಂದನೆಂದರೆ, ಅದರ ಅಗ್ಗದ ಆವೃತ್ತಿ ಬ್ರಿಟನ್ನಿನಲ್ಲಿ ಬರಕೂಡದೆಂದು ಕೇಳಿಕೊಂಡನು. ಅವನು 1964ರ ಆಗಸ್ಟ್‌ನಲ್ಲಿ ತೀರಿಕೊಳ್ಳುವವರೆಗೆ ಅದು ಬರಲೂ ಇಲ್ಲ.

ಇಷ್ಟನ್ನು ನೋಡಿದರೆ ‘ವಾಚಕನೇ ಗೆದ್ದ’ ಎಂದು ಮಂಗಳ ಹಾಡಬಹುದೆಂದು ತೋರುತ್ತದೆ. ಆದರೆ ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ‘ಡಾಕ್ಟರ್ ನೋ’ದ ಕಥೆ ನಡೆಯುವುದು ಜಮೈಕಾದಲ್ಲಿ, ಹಕ್ಕಿಗಳ ಹಿಕ್ಕೆಯ ಗೊಬ್ಬರವನ್ನು ತೆಗೆಯುವ ಕಲ್ಪಿತ ದ್ವೀಪವೊಂದರಲ್ಲಿ. ಅದು ಬರೆಯಲ್ಪಟ್ಟಾಗ ಜಮೈಕಾ ಬ್ರಿಟಿಷರ ವಸಾಹತು. ಸ್ವತಂತ್ರವಾದದ್ದು 1962ರ ಆಗಸ್ಟ್ 6ರಂದು. ಕಾದಂಬರಿಯ ಖಳನು ಚೀನೀ ತಾಯಿಗೂ ಜರ್ಮನ್ ತಂದೆಗೂ ಹುಟ್ಟಿದವನು. ಅವನ ಸೇವಕರಾದ ಮಿಶ್ರವರ್ಣದ ಜನರನ್ನು, ರಕ್ತದಲ್ಲಿಯೇ ದೋಷವುಳ್ಳವರೆಂಬ ಧಾಟಿಯಲ್ಲಿ ಚಿತ್ರಿಸಲಾಗಿದೆ. ಬಾಂಡನಿಗೆ ನೆರವಾದ ಕರಿಯ ಬೆಸ್ತನು ನಿಷ್ಠೆಯಿಂದ ದುಡಿದು ಬೆಂಕಿಗೆ ಆಹುತಿಯಾಗುತ್ತಾನೆ. ಪಿಸ್ತೂಲಿನ ತಪ್ಪನ್ನು ಲೇಖಕನು ಎರಡು ವರ್ಷದೊಳಗೆ ತಿದ್ದಿಕೊಂಡನು. ಮನುಷ್ಯರನ್ನು ಕುರಿತ ತಪ್ಪು ಹಾಗೆಯೇ ಅಚ್ಚಾಯಿತು. ತಿದ್ದಲಾಗದ ತಪ್ಪೇನೂ ಅದಲ್ಲ. ‘ಲಿವ್ ಅಂಡ್ ಲೆಟ್ ಡೈ’ ಎಂಬ ಎರಡನೆಯ ಕಾದಂಬರಿಯಲ್ಲಿ ಕರಿಯ ಜನರನ್ನು ಕುರಿತ ಕೆಲವು ಮಾತುಗಳನ್ನು ಅಮೆರಿಕದ ಆವೃತ್ತಿಗಾಗಿ ಫ್ಲೆಮಿಂಗನ ಒಪ್ಪಿಗೆಯಿಂದಲೇ ಬದಲಿಸಲಾಗಿತ್ತು. ಅಲ್ಲಿಯ ಮಾರುಕಟ್ಟೆಗೆ ಬೇಕಾದುದು ನಡೆಯಿತು, ಉಳಿದೆಡೆ ಬೇಕಾಗಲಿಲ್ಲ. ಮಾಲೆ ಆರಂಭವಾಗಿ 70 ವರ್ಷ ತುಂಬಿದ 2023ರಲ್ಲಿ ಪುಸ್ತಕಗಳನ್ನು ಮರುಮುದ್ರಿಸುವಾಗ ಇಂಥ ಕೆಲವು ಪದಗಳನ್ನು ತೆಗೆದುಹಾಕಿದರು. ಹಳೆಯ ಪಾಠವನ್ನು ಹೀಗೆ ಮುಟ್ಟಬಹುದೆ ಎಂಬ ವಿವಾದವೂ ಕೂಡಲೇ ಎದ್ದಿತು. ಚರಿತ್ರೆಯ ವಿದ್ಯಾರ್ಥಿಗೆ ಮೊದಲ ಪಾಠವೂ ಬೇಕು, ತಿದ್ದಿದ ಪಾಠವೂ ಬೇಕು. ಯಾವುದು ಯಾವಾಗ ಬದಲಾಯಿತೆಂಬ ಗುರುತು ಮುಖ್ಯವೆಂದು ನಮ್ಮ ಅಭಿಪ್ರಾಯ.

ಆದುದರಿಂದ ‘ವಾಚಕರ ಅಭಿಪ್ರಾಯ’ ಎಂದಾಗ ಯಾವ ವಾಚಕರು ಎಂದು ಕೇಳಲೇಬೇಕಾಗುತ್ತದೆ. ಲೇಖಕನಿಗೆ ಓಲೆ ಬರೆಯಬಲ್ಲವರು, ತಮ್ಮ ಮಾತಿಗೆ ಬೆಲೆಯಿದೆಯೆಂಬ ಧೈರ್ಯವುಳ್ಳವರು ಕೃತಿಯನ್ನು ತಿದ್ದುತ್ತಾರೆ. ಕೃತಿಯೊಳಗೆ ವಿಕಾರವಾಗಿ ಚಿತ್ರಿತರಾದವರ ಮಾತು ಎಣಿಕೆಗೆ ಬರುವುದು ಬಹಳ ತಡವಾಗಿ. ಪಾಲ್ ಜಾನ್ಸನ್ ಹೇಳಿದ ಮೂರು ದೋಷಗಳಲ್ಲಿಯೂ ಇದಕ್ಕೆ ಪ್ರತ್ಯೇಕವಾದ ಹೆಸರಿಲ್ಲವೆಂಬುದನ್ನು ಗಮನಿಸಬೇಕು.

ಈ ಮಾಲೆಯ ಗಾಳಿ ನಮ್ಮ ಭಾಷೆಗೂ ಬೀಸಿತು. ದೊರೈ–ಭಗವಾನ್ ಜೋಡಿ 1968ರಲ್ಲಿ ನಿರ್ದೇಶಿಸಿದ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಅವರು ಸಿ.ಐ.ಡಿ. 999 ಆಗಿ ಕಾಣಿಸಿಕೊಂಡರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದುವು. ಮಾಲೆಯ ರುಚಿ ಕನ್ನಡ ವಾಚಕರಿಗೆ ಆಗ ಹೊಸತೇನಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನು ಅದಕ್ಕೆ ಮೊದಲೇ ಅವರನ್ನು ಒಲಿಸಿಕೊಂಡಿದ್ದನು. ನರಸಿಂಹಯ್ಯನವರು ಬರೆದ ನೂರಾರು ಕಾದಂಬರಿಗಳಿಂದ ಓದುವ ಚಟ ಹತ್ತಿಸಿಕೊಂಡು, ಮುಂದೆ ಗಂಭೀರ ಸಾಹಿತ್ಯದ ಕಡೆಗೆ ಬಂದವರು ನಮ್ಮ ಹಿರಿಯರಲ್ಲಿ ಅನೇಕರಿದ್ದಾರೆ.

ಗಡಿನಾಡಿನ ಉಪಾಧ್ಯಾಯರಿಗೆ ಈ ವಿಚಾರದಿಂದ ಎರಡು ಕೆಲಸಗಳು ಒದಗುತ್ತವೆಂದು ನಾವು ಭಾವಿಸುತ್ತೇವೆ. ಮೊದಲನೆಯದು, ಶಾಲೆಯ ಪುಸ್ತಕಭಂಡಾರದ ಎರವಲು ದಾಖಲೆಗಳನ್ನು ಗೆದ್ದಲಿಗೂ ರದ್ದಿಯವನಿಗೂ ಒಪ್ಪಿಸದೆ ಕಾಪಾಡುವುದು. ಯಾವ ವರ್ಷ ಯಾವ ಪುಸ್ತಕ ಎಷ್ಟು ಕೈ ದಾಟಿತು, ಕನ್ನಡದ್ದೆಷ್ಟು, ನೆರೆಯ ಭಾಷೆಯದೆಷ್ಟು ಎಂಬುದನ್ನು ಆ ಗೆರೆ ಹಾಕಿದ ಹಾಳೆಗಳು ಹೇಳುತ್ತವೆ. ರಾಜಧಾನಿಯಲ್ಲಿ ಕುಳಿತು ಬರೆದ ಸಾಹಿತ್ಯಚರಿತ್ರೆ ಅದನ್ನು ಹೇಳಲಾರದು. ಎರಡನೆಯದು, ಹುಡುಗನ ಕೈಯಲ್ಲಿ ಸಾಹಸದ ಕಾದಂಬರಿ ಕಂಡಾಗ ಕಸಿದುಕೊಳ್ಳದೆ ಎರಡು ಪ್ರಶ್ನೆಗಳನ್ನು ಕೇಳುವುದು: ‘ಇದರಲ್ಲಿ ಯಾವ ಸಂಗತಿ ತಪ್ಪಾಗಿದೆ?’ ‘ಇದರಲ್ಲಿ ಯಾರಿಗೆ ಅನ್ಯಾಯವಾಗಿದೆ?’ ಮೊದಲನೆಯ ಪ್ರಶ್ನೆಯನ್ನು ಬೂತ್‌ರಾಯ್ಡನು ಚೆನ್ನಾಗಿ ಕೇಳಿದನು. ಮನೆಯಲ್ಲೊಂದು, ಬೀದಿಯಲ್ಲೊಂದು, ಕಚೇರಿಯಲ್ಲೊಂದು ಭಾಷೆಯನ್ನು ಕೇಳಿ ಬೆಳೆಯುವ ನಮ್ಮ ಮಕ್ಕಳಿಗೆ, ಬೇರೆಯವರು ತಮ್ಮನ್ನು ಹೇಗೆ ಕಾಣುತ್ತಾರೆಂಬ ಅನುಭವ ಚಿಕ್ಕಂದಿನಿಂದಲೇ ಉಂಟು. ಎರಡನೆಯ ಪ್ರಶ್ನೆಯನ್ನು ಕೇಳುವ ಅಧಿಕಾರ ಅವರಿಗೆ ಹೆಚ್ಚಾಗಿಯೇ ಇದೆ. ಅವರ ಉತ್ತರಗಳನ್ನು ಬರೆಯಿಸಿ ಇಟ್ಟರೆ ಮುಂದಿನ ಚರಿತ್ರಕಾರನಿಗೆ ಅದೇ ಆಕರವಾದೀತು.