ಔಷಧಕ್ಕೂ ಮೊದಲು ಗುಂಪು: ಕೆಟಮಿನ್ ಸಹಿತ ಸಾಮೂಹಿಕ ಮನೋಚಿಕಿತ್ಸೆಯ ಇತಿಹಾಸ, ಲೋಕಾಪುರ ಸೀಮೆಯ ನೆಲೆಯಿಂದ

ಪೀಠಿಕೆ

ಕೆಟಮಿನ್ ಶಸ್ತ್ರಚಿಕಿತ್ಸೆಯ ಕೊಠಡಿಯ ಅರಿವಳಿಕೆ ಔಷಧ. ಅದನ್ನೇ ಕಡಿಮೆ ಪ್ರಮಾಣದಲ್ಲಿ ಕೊಟ್ಟು, ಕೊಡುವ ಮುನ್ನವೂ ಕೊಟ್ಟ ಮೇಲೂ ರೋಗಿಗಳನ್ನು ಗುಂಪಾಗಿ ಕೂರಿಸಿ ಮನದ ಮಾತು ಆಡಿಸುವ ಚಿಕಿತ್ಸೆ ಈಚಿನ ವರ್ಷಗಳಲ್ಲಿ ಹೊರದೇಶಗಳಲ್ಲಿ ಬಳಕೆಗೆ ಬಂದಿದೆ. ಖಿನ್ನತೆ, ಆಘಾತದ ನಂತರದ ಒತ್ತಡ, ಮದ್ಯವ್ಯಸನ ಇದರ ಮುಖ್ಯ ಗುರಿಗಳು. ಈ ಚಿಕಿತ್ಸೆಯೊಳಗೆ ಎರಡು ಇತಿಹಾಸಗಳು ಕೂಡಿವೆ. ಔಷಧದ ಇತಿಹಾಸ ಅಮೆರಿಕದ ಪ್ರಯೋಗಶಾಲೆಯಲ್ಲಿ ಶುರುವಾಗುತ್ತದೆ. ಗುಂಪಿನ ಇತಿಹಾಸದಲ್ಲಿ ಕರ್ನಾಟಕದ ಪಾಲು ದೊಡ್ಡದು. ಲೋಕಾಪುರದಂಥ ಊರಿನ ಪಾಲಿಗೆ ಇವೆರಡರಲ್ಲಿ ಯಾವುದು ಮೊದಲು ಬರಬೇಕು ಎಂಬುದೇ ಈ ಲೇಖನದ ಪ್ರಶ್ನೆ.

ಗೋಡೆಯೊಳಗಿನ ಕಾಲ

ಲೋಕಾಪುರ ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ ಭಾಗದ ಊರು. 1948ರವರೆಗೆ ಮುಧೋಳ ಘೋರ್ಪಡೆ ಅರಸರದು, ಜಮಖಂಡಿ ಪಟವರ್ಧನರದು. ಬಾಗಲಕೋಟೆ ಸೀಮೆ ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. ಆಳುವವರು ಯಾರೇ ಇರಲಿ, ಮನಸ್ಸು ಕೆಟ್ಟವರ ಪಾಲಿಗೆ ಸರಕಾರಿ ಆಸ್ಪತ್ರೆ ಎಂದರೆ ಧಾರವಾಡ. ಅಲ್ಲಿ 1845ರಲ್ಲಿ ಆರಂಭವಾದ ಆಶ್ರಯಾಲಯವನ್ನು ಜನ ಹುಚ್ಚಾಸ್ಪತ್ರೆ ಎಂದೇ ಕರೆದರು. 2009ರಲ್ಲಿ ಅದೇ ಸಂಸ್ಥೆ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್ ಆಯಿತು.

ಮನೋರೋಗಿಗಳ ಕುರಿತ 1858ರ ಕಾಯ್ದೆಯಾಗಲಿ 1912ರ ಕಾಯ್ದೆಯಾಗಲಿ ರೋಗಿಯನ್ನು ಒಳಗೆ ಸೇರಿಸುವುದು, ಕಾಯುವುದು, ಬಿಡುವುದು ಹೇಗೆ ಎಂಬುದರ ಸುತ್ತಲೇ ಹೆಣೆದಂಥವು. ಲೋಕಾಪುರದಿಂದ ಯರಗಟ್ಟಿ, ಸವದತ್ತಿ ದಾಟಿ ಸುಮಾರು ನೂರು ಕಿಲೋಮೀಟರು ದೂರ ಹೋದ ರೋಗಿ ಧಾರವಾಡದಲ್ಲಿ ಒಂಟಿ. ಅವನ ಮನೆಯವರಿಗೆ ಚಿಕಿತ್ಸೆಯಲ್ಲಿ ಜಾಗವಿರಲಿಲ್ಲ. ದೇಶದ ಆರೋಗ್ಯ ಸೇವೆ ಕುರಿತ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟ ಹೊತ್ತಿಗೆ ಇಡೀ ದೇಶದ ಮಾನಸಿಕ ಆಸ್ಪತ್ರೆಗಳಲ್ಲಿ ಇದ್ದ ಹಾಸಿಗೆಗಳು ಸುಮಾರು 10,000.

ಗುಂಪು ಚಿಕಿತ್ಸೆ ಬೆಳೆದ ಬಗೆ

ಗುಂಪನ್ನೇ ಚಿಕಿತ್ಸೆಯಾಗಿ ಬಳಸಿದ ಮೊದಲಿಗರಲ್ಲಿ ಬಾಸ್ಟನ್ನಿನ ವೈದ್ಯ ಜೋಸೆಫ್ ಪ್ರಾಟ್ ಒಬ್ಬರು. 1905ರಲ್ಲಿ ಅವರು ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಸೇರಿಸಿ ಪಾಠ ಹೇಳಿದರು. ಒಬ್ಬರ ಚೇತರಿಕೆ ಮತ್ತೊಬ್ಬರಿಗೆ ಧೈರ್ಯ ಕೊಡುವುದನ್ನು ಕಂಡರು. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಹೊರಟವರೇ ಪರಸ್ಪರ ಆಸರೆಯಾಗುವ ದಾರಿ ತೆರೆಯಿತು.

ಭಾರತದಲ್ಲಿ ತಿರುವು ಕೊಟ್ಟವರು ಅಮೃತಸರದ ಡಾ. ವಿದ್ಯಾಸಾಗರ್. 1950ರ ದಶಕದಲ್ಲಿ ಅವರು ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡರು. ಕುಟುಂಬಗಳು ಒಟ್ಟಿಗೆ ಕೂತು ರೋಗದ ಬಗ್ಗೆ ಕೇಳಿ ತಿಳಿದವು, ಭಯ ಕಳೆದುಕೊಂಡವು, ರೋಗಿಯನ್ನು ಮನೆಗೆ ಕರೆದೊಯ್ದವು.

ಆಸ್ಪತ್ರೆಯ ಗೋಡೆಯಾಚೆಗಿನ ಆರೈಕೆಯ ಈ ವಿಚಾರವನ್ನು ಹಳ್ಳಿಯ ಮಟ್ಟಕ್ಕೆ ಇಳಿಸುವಲ್ಲಿ ಕರ್ನಾಟಕದ ಪ್ರಯೋಗಗಳ ಪಾಲು ದೊಡ್ಡದು. ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಕರಾವಳಿಯ ಕೋಟದಲ್ಲಿ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಹಳ್ಳಿಯಲ್ಲಿ ಮನೋವ್ಯಥೆ ಎಷ್ಟು ವ್ಯಾಪಕ ಎಂಬುದನ್ನು ಅದು ಎತ್ತಿ ತೋರಿಸಿತು. ಅದೇ ಹೊತ್ತಿಗೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ನಗರದ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ಮಾನಸಿಕ ರೋಗ ಗುರುತಿಸಲು ಕಲಿಸಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಇದೇ ಪಾಠ ಜಿಲ್ಲೆಯ ಅಳತೆಗೆ ಬೆಳೆಯಿತು. 1996ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ವ್ಯಸನದ ಕ್ಷೇತ್ರದಲ್ಲಿ ನಮ್ಮ ಜನಕ್ಕೆ ಹೆಚ್ಚು ಪರಿಚಿತವಾದದ್ದು ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ. ಕುಡಿತಕ್ಕೆ ಸಿಕ್ಕವರು ಊರಿನ ಸಭಾಭವನದಲ್ಲಿ ಕೆಲವು ದಿನ ಒಟ್ಟಿಗೆ ಇರುತ್ತಾರೆ. ಹೆಂಡತಿ ಮಕ್ಕಳೂ ಬಂದು ಮಾತಾಡುತ್ತಾರೆ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿಗಳು ಅವರನ್ನು ಕೂಡಿಸಿಕೊಳ್ಳುತ್ತವೆ. ಮೊದಲು ತೀವ್ರ ಅನುಭವ, ಆಮೇಲೆ ದೀರ್ಘ ಆಸರೆ: ಕೆಟಮಿನ್ ಸಹಿತ ಗುಂಪು ಚಿಕಿತ್ಸೆಯ ಕ್ರಮವನ್ನೇ ಇದು ನೆನಪಿಸುತ್ತದೆ.

ಕೆಟಮಿನ್ ಬಂದ ದಾರಿ

ಪಾರ್ಕ್-ಡೇವಿಸ್ ಕಂಪನಿಗಾಗಿ ಕ್ಯಾಲ್ವಿನ್ ಸ್ಟೀವನ್ಸ್ 1962ರಲ್ಲಿ ಕೆಟಮಿನ್ ತಯಾರಿಸಿದರು. 1964ರಲ್ಲಿ ಎಡ್ವರ್ಡ್ ಡೊಮಿನೊ ಮತ್ತು ಗುಂಟರ್ ಕಾರ್ಸನ್ ಅದನ್ನು ಮಿಷಿಗನ್‌ನ ಸೆರೆಮನೆಯ ಕೈದಿಗಳ ಮೇಲೆ ಮೊದಲು ಪ್ರಯೋಗಿಸಿದರು. ಇಂದಿನ ವೈದ್ಯನೀತಿ ಇದನ್ನು ಸುಲಭವಾಗಿ ಒಪ್ಪಲಾರದು. 1970ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಸಾಮಾನ್ಯವಾಗಿ ಉಸಿರಾಟವನ್ನು ಕುಗ್ಗಿಸದೆ, ರಕ್ತದೊತ್ತಡವನ್ನು ಇಳಿಸದೆ ನೋವು ಮರೆಸುವ ಗುಣದಿಂದಾಗಿ ಸೌಲಭ್ಯ ಕಡಿಮೆ ಇರುವ ಆಸ್ಪತ್ರೆಗಳಿಗೆ ಅದು ವರವಾಯಿತು. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿ ಸೇರಿತು.

ಅರಿವಳಿಕೆಯಿಂದ ಎಚ್ಚರಾಗುವಾಗ ರೋಗಿಗಳು ದೇಹದಿಂದ ಹೊರಬಂದಂತೆ, ಕನಸಿನಲ್ಲಿದ್ದಂತೆ ಅನಿಸುತ್ತದೆ ಎನ್ನುತ್ತಿದ್ದರು. ಅರಿವಳಿಕೆ ತಜ್ಞರಿಗೆ ಇದು ತೊಡಕು. ಕೆಲವು ಮನೋವೈದ್ಯರಿಗೆ ಇದೇ ಬಾಗಿಲು. ಮೆಕ್ಸಿಕೊದ ಸಾಲ್ವಡೋರ್ ರೊಕೆ ರಾತ್ರಿಯಿಡೀ ನಡೆಯುವ ಗುಂಪು ಚಿಕಿತ್ಸೆಯಲ್ಲಿ ಇತರ ಮಾದಕಗಳ ಜೊತೆ ಕೆಟಮಿನ್ ಬಳಸಿದರು. 1974ರಲ್ಲಿ ಬಂಧನಕ್ಕೂ ಒಳಗಾದರು. ಇರಾನಿನ ವೈದ್ಯರು 1973ರಲ್ಲಿ 100 ರೋಗಿಗಳ ಅನುಭವವನ್ನು ಪ್ರಕಟಿಸಿದರು. ಲೆನಿನ್‌ಗ್ರಾಡ್‌ನ ಯೆವ್ಗೆನಿ ಕ್ರುಪಿಟ್ಸ್ಕಿ 1985ರಿಂದ ಮದ್ಯವ್ಯಸನಿಗಳಿಗೆ ಕೆಟಮಿನ್ ಮತ್ತು ಮಾತಿನ ಚಿಕಿತ್ಸೆಯನ್ನು ಜೋಡಿಸಿದರು. ಕೆಟಮಿನ್ ಪಡೆದ 111 ಮಂದಿಯಲ್ಲಿ ಸುಮಾರು 66% ಜನ ಒಂದು ವರ್ಷಕ್ಕೂ ಹೆಚ್ಚು ಕಾಲ ಕುಡಿಯಲಿಲ್ಲ. ವಾಡಿಕೆಯ ಚಿಕಿತ್ಸೆ ಪಡೆದ 100 ಮಂದಿಯಲ್ಲಿ ಅದು 24%. ರೋಗಿಗಳನ್ನು ಯಾದೃಚ್ಛಿಕವಾಗಿ ಹಂಚದ ಕಾರಣ ಈ ಅಂಕಿಗಳನ್ನು ಎಚ್ಚರದಿಂದಲೇ ಓದಬೇಕು.

ಅಮೆರಿಕದಲ್ಲಿ ಕಥೆ ಬೇರೆ ಬಗೆಯಲ್ಲಿ ನಡೆಯಿತು. 2000ದಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ ದೇಹತೂಕದ ಪ್ರತಿ ಕಿಲೋಗೆ 0.5 ಮಿಲಿಗ್ರಾಂ ಕೆಟಮಿನ್ ಕೊಟ್ಟು ಖಿನ್ನತೆ ಬೇಗ ಇಳಿಯುವುದನ್ನು ವರದಿ ಮಾಡಿತು. 2006ರಲ್ಲಿ ಕಾರ್ಲೊಸ್ ಜರಾಟೆ ತಂಡದ 18 ರೋಗಿಗಳ ಅಧ್ಯಯನದಲ್ಲಿ ಮರುದಿನ 71% ಜನ ಗುಣಮುಖರಾಗುವ ಹಾದಿಯಲ್ಲಿದ್ದರು. ವಾರ ಕಳೆಯುವಷ್ಟರಲ್ಲಿ ಆ ಪರಿಣಾಮ ಉಳಿದದ್ದು 35% ಜನರಲ್ಲಿ. ಈ ಎರಡು ಅಂಕಿಗಳ ನಡುವಿನ ಅಂತರವೇ ಈ ಇತಿಹಾಸದ ತಿರುಳು. ಔಷಧ ಬೇಗ ಎತ್ತುತ್ತದೆ. ಎತ್ತಿದ್ದನ್ನು ಹಿಡಿದು ನಿಲ್ಲಿಸಲು ಬೇರೆ ಬಲ ಬೇಕು. ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ಆರೋಗ್ಯ ಸಿಬ್ಬಂದಿಗಾಗಿ ರೂಪಿಸಿದ 12 ವಾರಗಳ ಗುಂಪು ಕಾರ್ಯಕ್ರಮ ಆ ಬಲವನ್ನು ಗುಂಪಿನಲ್ಲೇ ಹುಡುಕಿತು: ಹೆಚ್ಚಿನ ಭೇಟಿಗಳು ಮಾತುಕತೆಗೆ, ಕೆಲವೇ ಭೇಟಿಗಳು ಕೆಟಮಿನ್‌ಗೆ. 2022ರಲ್ಲಿ ಬಂದ ಫಲಿತಾಂಶ ಭರವಸೆಯದು. ಆದರೆ ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ.

ಲೋಕಾಪುರ ಸೀಮೆಗೆ ಇದರ ಅರ್ಥ

ಭಾರತದಲ್ಲಿ ಕೆಟಮಿನ್ 2011ರಲ್ಲಿ ಮಾದಕವಸ್ತು ನಿಯಂತ್ರಣ ಕಾಯ್ದೆಯಡಿ ಬಂತು. 2013ರಲ್ಲಿ ಔಷಧ ನಿಯಮಗಳ ಬಿಗಿ ಪಟ್ಟಿಯಾದ ಶೆಡ್ಯೂಲ್ ಎಕ್ಸ್‌ಗೆ ಸೇರಿತು. ಈ ಬಿಗಿ ಬೇಕಾದದ್ದೇ. ಕೆಟಮಿನ್ ರಕ್ತದೊತ್ತಡ ಏರಿಸಬಲ್ಲದು, ಚಿತ್ತವಿಭ್ರಮೆ ಇರುವವರಲ್ಲಿ ರೋಗ ಕೆರಳಿಸಬಲ್ಲದು, ಚಟವಾದರೆ ಮೂತ್ರಕೋಶವನ್ನೇ ಹಾಳುಮಾಡಬಲ್ಲದು. ತಜ್ಞರ ಕಣ್ಗಾವಲಿಲ್ಲದೆ ಅದನ್ನು ಕೊಡುವಂತಿಲ್ಲ.

ಗುಂಪಿಗೆ ಇಂಥ ತಡೆಯಿಲ್ಲ. 2014ರ ಮನೋಚೈತನ್ಯ ಯೋಜನೆ ಮಂಗಳವಾರದಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ತಂದಿತು. 2022ರಿಂದ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ದೂರ ಹೀಗೆ ಕಡಿಮೆಯಾಗಿದೆ. ಚಿಕಿತ್ಸೆ ಮಾತ್ರ ಇನ್ನೂ ಹೆಚ್ಚಾಗಿ ಒಬ್ಬ ವೈದ್ಯ, ಒಬ್ಬ ರೋಗಿ, ಒಂದು ಚೀಟಿಗೆ ಸೀಮಿತ. ಮಂಗಳವಾರದ ಸಾಲಿನಲ್ಲಿ ನಿಂತವರನ್ನೇ, ಅವರ ಮನೆಯವರೊಂದಿಗೆ, ಅರ್ಧ ತಾಸು ಒಟ್ಟಿಗೆ ಕೂರಿಸಬಹುದು. ಕಬ್ಬಿನ ಗದ್ದೆಯ ಸಾಲದ ಚಿಂತೆ, ರಬಕವಿ-ಬನಹಟ್ಟಿಯ ನೇಕಾರನ ನಿದ್ದೆಗೆಟ್ಟ ರಾತ್ರಿ, ಕುಡಿತದಿಂದ ಒಡೆದ ಸಂಸಾರ, ಇವೆಲ್ಲ ಒಬ್ಬೊಬ್ಬರ ಗುಟ್ಟಾಗಿ ಉಳಿಯಬೇಕಿಲ್ಲ. ಮಾನಸಿಕ ರೋಗ ಗುರುತಿಸಲು ಆರೋಗ್ಯ ಸಿಬ್ಬಂದಿ ಕಲಿಯಬಲ್ಲರೆಂದು ಬಳ್ಳಾರಿಯ ಅನುಭವ ತೋರಿಸಿದೆ; ಆಶಾ ಕಾರ್ಯಕರ್ತೆಯರು ಮತ್ತು ಆಪ್ತಸಮಾಲೋಚಕರು ಗುಂಪು ನಡೆಸಲೂ ಕಲಿಯಬಹುದು.

ಉಪಸಂಹಾರ

ಕೆಟಮಿನ್ ಸಹಿತ ಚಿಕಿತ್ಸೆ ಮುಂದೊಂದು ದಿನ ಡಿಮ್ಹಾನ್ಸ್‌ನಂಥ ಸಂಸ್ಥೆಗಳ ಮೂಲಕ ಈ ಸೀಮೆಯ ರೋಗಿಗಳನ್ನು ಮುಟ್ಟಬಹುದು; ಬೇರೆ ಔಷಧಗಳಿಗೆ ಜಗ್ಗದ ಖಿನ್ನತೆಯಿಂದ ನರಳುವವರಿಗೆ ಆ ಅವಕಾಶ ಸಿಗಲೇಬೇಕು. ಆದರೆ ಅಮೃತಸರದ ಡೇರೆಯಿಂದ ಕೆನಡಾದ ಗುಂಪಿನವರೆಗೆ ಇತಿಹಾಸ ಹೇಳುವುದು ಒಂದೇ: ಔಷಧ ಕೊಡುವ ದಿನಕ್ಕಿಂತ ಅದರ ಆಚೀಚಿನ ದಿನಗಳ ಆಸರೆ ಮುಖ್ಯ. ಆ ಆಸರೆ ಕಟ್ಟುವ ಕೆಲಸಕ್ಕೆ ಹೊಸ ಔಷಧದ ದಾರಿ ಕಾಯಬೇಕಿಲ್ಲ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಅದನ್ನು ಈಗಲೇ ಶುರುಮಾಡಿದರೆ, ಔಷಧ ಬಂದಾಗ ಅದರ ಫಲವನ್ನು ಹಿಡಿದು ನಿಲ್ಲಿಸುವ ಗುಂಪು ಸಿದ್ಧವಿರುತ್ತದೆ. ಬಾರದಿದ್ದರೂ ಆ ಗುಂಪಿನ ಪ್ರಯೋಜನ ಜನಕ್ಕೆ ಉಳಿಯುತ್ತದೆ.