ಸಭೆಗೆ ಕರೆದರು, ನಕ್ಷೆ ಮೊದಲೇ ಬರೆದಿದ್ದರು

'ಜನರ ಸಹಭಾಗಿತ್ವ' ಎಂಬ ಮಾತು ಕಿವಿಗೆ ಬಿದ್ದಾಗ ನಾವು ಕೇಳಬೇಕಾದ್ದು ಒಂದೇ. ಕರೆದವನು ಯಾರು, ಕರೆಯುವ ಮುಂಚೆ ಏನೇನು ತೀರ್ಮಾನ ಆಗಿಹೋಗಿತ್ತು? ಗೌಡರ ಜಗಲಿಯ ಮೇಲೆ ಪಂಚಾಯ್ತಿ ಕೂಡಿದಾಗ ಅಂಗಳದಲ್ಲಿ ನಿಂತು ಹೂಂಗುಟ್ಟಿದವರ ಮಕ್ಕಳು ನಾವು. ಇದರ ರುಚಿ ನಮಗೆ ಹೊಸದಲ್ಲ. ಆದರೆ ಇದೇ ಮಾತನ್ನು ಕಾಯಿದೆಯೊಳಗೆ ಬರೆದು, ಅದಕ್ಕೆ ಕೋಟಿಗಟ್ಟಲೆ ಡಾಲರ್ ಕಟ್ಟಿ, ಜನ ಅದನ್ನು ನಿಜವೆಂದು ನಂಬಿ ಎದ್ದು ನಿಂತಾಗ ಮೆಲ್ಲಗೆ ಕಿತ್ತುಕೊಂಡ ಚರಿತ್ರೆಯೊಂದು ಅಮೆರಿಕದಲ್ಲಿದೆ. ಅದನ್ನಿಲ್ಲಿ ಹೇಳುತ್ತೇವೆ.

1949ರಲ್ಲಿ ಅಲ್ಲಿ ವಸತಿ ಕಾಯಿದೆ ಬಂತು. ಪ್ರತಿಯೊಂದು ಕುಟುಂಬಕ್ಕೂ ಒಳ್ಳೆಯ ಮನೆ ಸಿಗಬೇಕು ಅಂತ ಅದರ ಮೊದಲ ಪುಟದಲ್ಲೇ ಬರೆದಿದ್ದರು. ಒಳಗಿನ ಲೆಕ್ಕ ಬೇರೆ ಇತ್ತು. ನಗರಸಭೆ ಕೊಳೆಗೇರಿಯ ನೆಲವನ್ನು ಕಾನೂನಿನ ಬಲದಿಂದ ವಶಪಡಿಸಿಕೊಂಡು, ಮನೆಗಳನ್ನು ಕೆಡವಿ, ಬಯಲು ಮಾಡಿದ ಜಾಗವನ್ನು ಖಾಸಗಿ ಕಟ್ಟಡಗಾರರಿಗೆ ಕಡಿಮೆ ಬೆಲೆಗೆ ಕೊಡಬಹುದು. ಆಗುವ ನಷ್ಟದಲ್ಲಿ ಮೂರರಲ್ಲಿ ಎರಡು ಪಾಲನ್ನು ಕೇಂದ್ರ ಸರ್ಕಾರ ತುಂಬಿಕೊಡುತ್ತದೆ. ನಷ್ಟಕ್ಕೇ ಬಹುಮಾನ! ಪಿಟ್ಸ್‌ಬರ್ಗ್ ನಗರದ ಲೋಯರ್ ಹಿಲ್ ಎಂಬ ಕಪ್ಪು ಜನರ ಕೇರಿಯನ್ನು 1956ರಿಂದ ಕೆಡವಿದರು. ಸುಮಾರು ಎಂಟು ಸಾವಿರ ಜನ ಎತ್ತಂಗಡಿಯಾದರು. ಆ ಜಾಗದಲ್ಲಿ 1961ರಲ್ಲಿ ಎದ್ದದ್ದು ಗುಮ್ಮಟದ ಕ್ರೀಡಾಂಗಣ. ಉಳಿದ ಕೇರಿಯ ಜನ ರಸ್ತೆಯ ಮೂಲೆಯಲ್ಲಿ ದೊಡ್ಡದೊಂದು ಫಲಕ ನಿಲ್ಲಿಸಿದರು. ಇಲ್ಲಿಂದಾಚೆಗೆ ನಿಮ್ಮ ಪುನರಭಿವೃದ್ಧಿ ಬೇಡ ಎಂದು ನಗರಸಭೆಗೆ ನೇರವಾಗಿ ಬರೆದ ಫಲಕ. ನಗರ ನವೀಕರಣ ಅಂದ್ರೆ ನೀಗ್ರೋಗಳ ತೆರವು ಅಂತ ಲೇಖಕ ಜೇಮ್ಸ್ ಬಾಲ್ಡ್ವಿನ್ 1963ರ ಒಂದು ಟೀವಿ ಸಂದರ್ಶನದಲ್ಲಿ ಹೇಳಿದ್ದು ಸುಮ್ಮನೆ ಅಲ್ಲ.

ಈ ನಡುವೆ 1954ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿತ್ತು. ಹಣ ಬೇಕಾದರೆ ನಗರಗಳು ಏಳು ಷರತ್ತು ಪೂರೈಸಬೇಕು, ಅದರಲ್ಲೊಂದು ನಾಗರಿಕರು ಯೋಜನೆಯಲ್ಲಿ ಭಾಗವಹಿಸಬೇಕೆಂಬುದು. ನಗರಗಳೇನು ಮಾಡಿದವು? ಮೇಯರ್ ಒಂದು ಸಲಹಾ ಸಮಿತಿ ನೇಮಿಸಿದ. ಬ್ಯಾಂಕಿನವನೊಬ್ಬ, ದೊಡ್ಡ ಅಂಗಡಿಯವನೊಬ್ಬ, ಪತ್ರಿಕೆಯ ಧಣಿಯೊಬ್ಬ, ಶೋಭೆಗೆ ಕಪ್ಪು ಪಾದ್ರಿಯೊಬ್ಬರು. ಮನೆ ಕಳೆದುಕೊಳ್ಳುವವನು ಆ ಸಮಿತಿಯಲ್ಲಿ ಇರುವುದು ಅಪರೂಪ. ಇವರೇ ನಾಗರಿಕರು, ಇವರು ಭಾಗವಹಿಸಿದರು, ಮುಗೀತು.

ಬದಲಾವಣೆ ಮೇಲಿನವರ ಕರುಣೆಯಿಂದ ಬರಲಿಲ್ಲ. ದಕ್ಷಿಣದಲ್ಲಿ ನಾಗರಿಕ ಹಕ್ಕಿನ ಚಳವಳಿ, ಉತ್ತರದ ನಗರಗಳಲ್ಲಿ ಬೀದಿಗಿಳಿದ ಸಿಟ್ಟು, ಇವು ತಂದವು. 1964ರ ಬಡತನ ವಿರೋಧಿ ಕಾಯಿದೆ ಬಡವರು 'ಸಾಧ್ಯವಾದಷ್ಟು ಗರಿಷ್ಠ' ಭಾಗವಹಿಸಬೇಕು ಎಂದಿತು. ಮೇಯರ್‌ಗಳು ಬೊಬ್ಬೆ ಹಾಕಿದರು, ನಮ್ಮ ವಿರುದ್ಧ ಹೋರಾಡುವವರಿಗೆ ಸರ್ಕಾರವೇ ದುಡ್ಡು ಕೊಡುವುದೇ ಅಂತ. 1966ರಲ್ಲಿ ವಸತಿಗೂ ಕೇರಿಗಳ ಏಳಿಗೆಗೂ 'ಮಾದರಿ ನಗರ' ಯೋಜನೆಯ ಕಾಯಿದೆ ಬಂದಾಗ ಅದರ ಮಾತು ಆಗಲೇ ತೆಳ್ಳಗಾಗಿತ್ತು. 'ಗರಿಷ್ಠ' ಹೋಗಿ 'ವ್ಯಾಪಕ' ಬಂತು. ಹಣ ಹರಿಯುವುದು ನಗರಾಡಳಿತದ ಕೈಯಿಂದಲೇ. ಹೊಸದಾಗಿ ಹುಟ್ಟಿದ್ದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಗೆ ರಾಬರ್ಟ್ ವೀವರ್ ಮಂತ್ರಿ, ಅಮೆರಿಕದ ಮಂತ್ರಿಮಂಡಲದಲ್ಲಿ ಕೂತ ಮೊದಲ ಕಪ್ಪು ಮನುಷ್ಯ. ಹೀಗಿದ್ದರೂ ಆ ಒಂದು ಪದ ಸಾಕಾಯಿತು, ಕೇರಿಯ ಜನ ಅದನ್ನೇ ಹಿಡಿದುಕೊಂಡರು.

ಇಲ್ಲೊಂದು ಮಾತು ಹೇಳಿ ಮುಂದೆ ಹೋಗೋಣ. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ ಯಾರ ಹೆಸರನ್ನು ತನ್ನದಾಗಿ ಮಾಡಿಕೊಂಡಿತೋ ಆ ಓಕ್ಲೆಂಡಿನ ಬ್ಲ್ಯಾಕ್ ಪ್ಯಾಂಥರರು ತಮ್ಮ ಹತ್ತು ಅಂಶಗಳ ಕಾರ್ಯಕ್ರಮವನ್ನು 1966ರ ಅಕ್ಟೋಬರಿನಲ್ಲಿ ಬರೆದದ್ದು ಬಡತನ ವಿರೋಧಿ ಯೋಜನೆಯ ಒಂದು ಕಚೇರಿಯಲ್ಲಿ. ಬಾಬಿ ಸೀಲ್ ಅಲ್ಲಿ ಕೆಲಸಕ್ಕಿದ್ದ. ಮನುಷ್ಯರು ವಾಸಿಸಲು ಯೋಗ್ಯವಾದ ಮನೆ ಬೇಕು ಎಂಬುದು ಆ ಹತ್ತರಲ್ಲಿ ನಾಲ್ಕನೆಯದು. ಬಂದೂಕು ಹಿಡಿದ ಚಿತ್ರವನ್ನಷ್ಟೇ ನಮಗೆ ತೋರಿಸಿದ್ದಾರೆ. ಅದೇ ಪ್ಯಾಂಥರರು 1972ರಲ್ಲಿ ಪಶ್ಚಿಮ ಓಕ್ಲೆಂಡಿನ ಮಾದರಿ ನಗರ ಮಂಡಳಿಯ ಚುನಾವಣೆಗೆ ನಿಂತು ಕೆಲವು ಸ್ಥಾನ ಗೆದ್ದದ್ದನ್ನು ತೋರಿಸಿಲ್ಲ.

ಈಗ ಫಿಲಡೆಲ್ಫಿಯಾಕ್ಕೆ ಬರೋಣ. ಉತ್ತರ ಫಿಲಡೆಲ್ಫಿಯಾದ ಕೇರಿಗಳು ಕಪ್ಪು ಜನರವು, ಪೋರ್ಟೊರಿಕೊದಿಂದ ಬಂದವರವು. 1967ರಲ್ಲಿ ನಗರಾಡಳಿತಕ್ಕೆ ಮಾದರಿ ನಗರದ ಅರ್ಜಿ ಹಾಕುವ ಆತುರ, ಅರ್ಜಿಯಲ್ಲಿ ಜನರ ಹೆಸರೂ ಬೇಕು. ಈ ಆತುರವನ್ನು ಜನ ಚೆನ್ನಾಗಿ ಅರ್ಥ ಮಾಡಿಕೊಂಡರು. ಏರಿಯಾ ವೈಡ್ ಕೌನ್ಸಿಲ್ ಎಂಬ ಒಕ್ಕೂಟ ಕಟ್ಟಿ, ಸಲಹೆ ಕೊಡೋಕೆ ನಾವು ಬರಲ್ಲ, ಸಮಪಾಲಿನವರಾಗಿ ಕೂರುತ್ತೇವೆ, ನಮ್ಮ ಯೋಜನಾತಜ್ಞರನ್ನು ನಾವೇ ನೇಮಿಸಿಕೊಳ್ಳುತ್ತೇವೆ, ಅದಕ್ಕೆ ದುಡ್ಡು ಕೊಡಿ ಎಂದು ಪಟ್ಟು ಹಿಡಿದರು. ನಗರ ಒಪ್ಪಿತು. ಒಪ್ಪದೆ ಗತಿ ಇರಲಿಲ್ಲ. ಕೇರಿಕೇರಿಯಲ್ಲೂ ಕೂಟ ಸೇರಿತು. ಸೋರುವ ಸೂರು, ಶಾಲೆ, ಕೆಲಸ, ಪೊಲೀಸರ ದೊಣ್ಣೆ ಎಲ್ಲದರ ಮಾತೂ ಎದ್ದಿತು.

ಆ ವರ್ಷದ ನವೆಂಬರಿನಲ್ಲಿ ಕಪ್ಪು ವಿದ್ಯಾರ್ಥಿಗಳು ತಮ್ಮ ಚರಿತ್ರೆಯನ್ನೂ ಶಾಲೆಯಲ್ಲಿ ಕಲಿಸಿ ಎಂದು ಶಿಕ್ಷಣ ಮಂಡಳಿಯ ಮುಂದೆ ಸೇರಿದರು. ಪೊಲೀಸರು ಬಡಿದರು. ಕೌನ್ಸಿಲ್ ಮಕ್ಕಳ ಪರ ನಿಂತಿತು. ಅಲ್ಲಿಂದ ನಗರದ ಮುಖ ತಿರುಗಿತು. ಹಣದ ಹಗ್ಗ ಬಿಗಿಯತೊಡಗಿತು. ಆದರೂ ಯೋಜನೆ ತಯಾರಾಯಿತು. ಮನೆ ಕಟ್ಟುವುದು, ನೆಲ ಹಿಡಿದಿಡುವುದು, ಉದ್ಯೋಗ ಕೊಡುವುದು ಇಂಥವಕ್ಕೆ ಜನರ ಕೈಯಿರುವ ಹೊಸ ಕಾರ್ಪೊರೇಷನ್‌ಗಳು ಬೇಕೆಂದು ಅದರಲ್ಲಿತ್ತು. 1969ರಲ್ಲಿ ವಾಷಿಂಗ್ಟನ್ನಿನಲ್ಲಿ ನಿಕ್ಸನ್ ಸರ್ಕಾರ. ಹೊಸ ಕಾರ್ಪೊರೇಷನ್‌ಗಳ ಮೇಲೆ ನಿಮ್ಮ ಅವಲಂಬನೆ ಅತಿಯಾಯಿತು ಅಂತ ಇಲಾಖೆ ರಾಗ ತೆಗೆಯಿತು. ನಗರ ಅದನ್ನೇ ಕಾಯುತ್ತಿತ್ತೋ ಏನೋ, ಕೌನ್ಸಿಲನ್ನು ಕೇಳದೆ ಯೋಜನೆಯನ್ನು ತಿದ್ದಿತು, ಕೌನ್ಸಿಲಿನ ಪಾತ್ರವನ್ನು ಸಲಹೆಗೆ ಇಳಿಸಿತು. ಆ ಷರತ್ತಿಗೆ ಒಪ್ಪೋದಿಲ್ಲ ಎಂದಾಗ ಒಪ್ಪಂದವೇ ಮುರಿಯಿತು. ತಾನೇ ಆರಿಸಿದ ಬೇರೊಂದು 'ನಾಗರಿಕ' ಸಮಿತಿಯನ್ನು ತಂದು ಕೂರಿಸಿತು.

ಕೌನ್ಸಿಲ್ ನ್ಯಾಯಾಲಯಕ್ಕೆ ಹೋಯಿತು. ಕೆಳಗಿನ ಕೋರ್ಟು ತಳ್ಳಿಹಾಕಿತು. 1970ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಬೇರೆ ಮಾತು ಹೇಳಿತು: ಜನರನ್ನು ಕೇಳದೆ ಇಷ್ಟು ದೊಡ್ಡ ಬದಲಾವಣೆಯನ್ನು ಇಲಾಖೆ ಒಪ್ಪಿಕೊಂಡದ್ದು ಕಾಯಿದೆಗೆ ವಿರುದ್ಧ. ಕಾಗದದ ಮೇಲೆ ಗೆಲುವೇ. ಆದರೆ ಅಷ್ಟರಲ್ಲಿ ವರ್ಷ ಕಳೆದಿತ್ತು, ಹಣ ಬೇರೆಯವರ ಕೈ ಸೇರಿತ್ತು, ಕೆಲಸ ಮಾಡುತ್ತಿದ್ದವರು ಚದುರಿದ್ದರು. ಕೌನ್ಸಿಲಿನವರು ತಮ್ಮ ಕತೆಯನ್ನು ತಾವೇ 'ನಾವು' ಎಂದು ಹೇಳಿಕೊಂಡು ಪ್ರಕಟಿಸಿದರು. ಅಧಿಕಾರಸ್ಥರು ನಮಗೆ ಏನು ಮಾಡಿದರು ಎಂಬುದೇ ಅದರ ವಿಷಯ.

ಆ ಕತೆಯನ್ನು ಬರೆದುಕೊಂಡವಳು ಶೆರ್ರಿ ಆರ್ನ್‌ಸ್ಟೀನ್. ಅದೇ ವಸತಿ ಇಲಾಖೆಯಲ್ಲಿ ಸಹಭಾಗಿತ್ವದ ಸಲಹೆಗಾರ್ತಿಯಾಗಿದ್ದವಳು. 1969ರಲ್ಲಿ ಆಕೆ ಬರೆದ 'ಏಣಿ'ಯ ಲೇಖನ ಈಗ ಲೋಕವೆಲ್ಲ ಓದುವಂಥದ್ದು. ಎಂಟು ಮೆಟ್ಟಿಲು. ಕೆಳಗಿನ ಎರಡು ವಂಚನೆ: ಜನರನ್ನು ಆಡಿಸುವುದು, ತಪ್ಪು ನಿಮ್ಮದೇ ಎಂದು ಬುದ್ಧಿ ಹೇಳುವುದು. ನಡುವಿನ ಮೂರು ತಿಳಿಸುವುದು, ಕೇಳುವುದು, ಸಮಾಧಾನ ಮಾಡುವುದು. ಇವು ಬರೀ ತೋರಿಕೆ. ಮೇಲಿನ ಮೂರರಲ್ಲಿ ಮಾತ್ರ ಅಧಿಕಾರ ಇದೆ: ಪಾಲುದಾರಿಕೆ, ಬಿಟ್ಟುಕೊಟ್ಟ ಅಧಿಕಾರ, ಜನರದೇ ಹತೋಟಿ. ಇಲಾಖೆಯ ಹೊಟ್ಟೆಯೊಳಗಿದ್ದು ಇಷ್ಟು ನಿಷ್ಠುರವಾಗಿ ಬರೆದವಳಿಗೆ ನಮ್ಮ ಗೌರವ ಸಲ್ಲಬೇಕು. ಒಂದೇ ತಕರಾರು. ಏಣಿ ಅಂದಕೂಡಲೇ ಹತ್ತಿದವನು ಮೇಲೇ ಇರ್ತಾನೆ ಅನ್ನಿಸುತ್ತದೆ. ಫಿಲಡೆಲ್ಫಿಯಾದವರು ಆರನೆಯ ಮೆಟ್ಟಿಲಲ್ಲಿದ್ದಾಗಲೇ ಏಣಿಯನ್ನೇ ಎಳೆದರಲ್ಲ! ಏಣಿಯ ಬುಡವನ್ನು ಯಾರು ಹಿಡಿದಿದ್ದಾರೆ ಎಂಬುದೂ ಬರೆಯಬೇಕಾದ ವಿಷಯವೇ.

1974ರಲ್ಲಿ ಮಾದರಿ ನಗರ ಮುಗಿಯಿತು. ಅದನ್ನೂ ಇನ್ನಿತರ ಯೋಜನೆಗಳನ್ನೂ ಒಟ್ಟುಗೂಡಿಸಿ ನಗರಗಳಿಗೆ ಇಡುಗಂಟು ಅನುದಾನ ಕೊಡುವ ಕಾಯಿದೆ ಬಂತು. ಸಾರ್ವಜನಿಕ ವಿಚಾರಣೆ ನಡೆಸಬೇಕು, ಜನರ ಅಭಿಪ್ರಾಯ ಕೇಳಬೇಕು. ಆದರೆ ಅರ್ಜಿ ಸಿದ್ಧಪಡಿಸುವ ನಗರಾಡಳಿತದ ಅಧಿಕಾರಕ್ಕೆ ಇದರಿಂದ ಯಾವ ಕುಂದೂ ಬಾರದು ಎಂಬ ಬಾಲವನ್ನೂ ಅಂಟಿಸಿದ್ದರು. ಅಂದ್ರೆ ಕೇಳಿಸಿಕೊಂಡು ಎದ್ದು ಹೋಗಬಹುದು. 1995ರ ನಿಯಮ ವರ್ಷಕ್ಕೆ ಕನಿಷ್ಠ ಎರಡು ವಿಚಾರಣೆ, ಆಕ್ಷೇಪಣೆಗೆ ಮೂವತ್ತು ದಿನ ಎಂದು ಗೊತ್ತುಮಾಡಿತು. ಮೂರು ನಿಮಿಷ ಮೈಕಿನ ಮುಂದೆ ಮಾತಾಡಿ ಬಂದವನ ಮಾತು ಕಡತಕ್ಕೆ ಸೇರುತ್ತದೆ, ಅಷ್ಟೇ.

ಗೆದ್ದವರೇ ಇಲ್ಲವೇ? ಇದ್ದಾರೆ. ಸೇಂಟ್ ಲೂಯಿ ನಗರದ ಸರ್ಕಾರಿ ಮನೆಗಳಲ್ಲಿದ್ದವರು 1969ರಲ್ಲಿ ಯಾವ ವಿಚಾರಣೆಗೂ ಕಾಯದೆ ಬಾಡಿಗೆ ಕೊಡುವುದನ್ನೇ ನಿಲ್ಲಿಸಿದರು. ಮುಂದಾಳುಗಳು ಹೆಚ್ಚಿನವರು ಹೆಂಗಸರು. ಒಂಬತ್ತು ತಿಂಗಳು ನಿಂತರು. ಅದೇ ವರ್ಷ ಸೆನೆಟರ್ ಎಡ್ವರ್ಡ್ ಬ್ರೂಕ್ ತಂದ ತಿದ್ದುಪಡಿ ಸರ್ಕಾರಿ ಮನೆಯ ಬಾಡಿಗೆ ಆದಾಯದ ಕಾಲುಭಾಗ ಮೀರಕೂಡದು ಎಂದಿತು.

ನ್ಯೂಯಾರ್ಕಿನ ಕೂಪರ್ ಸ್ಕ್ವೇರ್ ಜನ ಬೇರೆ ದಾರಿ ಹಿಡಿದರು. 1959ರಲ್ಲಿ ರಾಬರ್ಟ್ ಮೋಸೆಸ್‌ನ ಕೊಳೆಗೇರಿ ತೆರವು ಸಮಿತಿ ಅವರ ಮನೆಗಳನ್ನು ಕೆಡವಿ, ಅವರಿಗೆ ಎಟುಕದ ಬೆಲೆಯ ಮನೆ ಕಟ್ಟುವ ನಕ್ಷೆ ತಂದಿತು. ಬಾಡಿಗೆದಾರರು ವಾಲ್ಟರ್ ಥ್ಯಾಬಿಟ್ ಎಂಬ ಯೋಜನಾತಜ್ಞನನ್ನು ಕೂಡಿಸಿಕೊಂಡು ಸಭೆಯ ಮೇಲೆ ಸಭೆ ನಡೆಸಿ, 1961ರಲ್ಲಿ ತಮ್ಮದೇ ಬದಲಿ ಯೋಜನೆ ಪ್ರಕಟಿಸಿದರು. ಮೊದಲು ಖಾಲಿ ಜಾಗದಲ್ಲಿ ಕಟ್ಟಿ, ಇಲ್ಲಿರುವವರನ್ನು ಅಲ್ಲಿಗೆ ಸೇರಿಸಿ, ಆಮೇಲೆ ಹಳೆಯದಕ್ಕೆ ಕೈ ಹಾಕಿ ಎಂಬುದು ಅದರ ತಿರುಳು. ನಗರ ಅದರ ಒಂದು ಭಾಗವನ್ನು ಒಪ್ಪಿದ್ದು 1970ರಲ್ಲಿ. 1973ರಲ್ಲಿ ನಿಕ್ಸನ್ ವಸತಿ ಹಣ ತಡೆಹಿಡಿದಾಗ ಅದೂ ನಿಂತಿತು. ಬಾಡಿಗೆದಾರರು ಮನೆ ಬಿಡಲಿಲ್ಲ. 1991ರಲ್ಲಿ ಅವರು ಕಟ್ಟಿಕೊಂಡ ಪರಸ್ಪರ ವಸತಿ ಸಂಘದ ಕೈಗೆ ಮುನ್ನೂರಕ್ಕೂ ಹೆಚ್ಚು ಮನೆಗಳು ಬಂದವು. ಮಾರಾಟಕ್ಕೆ ಸಿಗದಂತೆ ನೆಲವನ್ನು ಬೇರೆ ಟ್ರಸ್ಟಿಗೆ ಸೇರಿಸಿಟ್ಟರು. ಮೋಸೆಸ್‌ನ ನಕ್ಷೆ ಬಂದು ಅಷ್ಟೊತ್ತಿಗೆ ಮೂವತ್ತೆರಡು ವರ್ಷವಾಗಿತ್ತು.