ನೆಲದಡಿಯ ಕೋಣೆ ಮತ್ತು ರೇಡಾರ್

ಕಾಗವಾಡದ ಹಳೆಯ ಜೈನ ಬಸದಿಯ ಕೆಳಗೆ ಒಂದು ನೆಲಮಾಳಿಗೆ ಇದೆ. ಅಲ್ಲಿ ದೊರೆತ ಶಕ ವರ್ಷ 1316ರ, ಅಂದರೆ ಕ್ರಿ.ಶ. 1394ರ ಶಾಸನ ಯಾಪನೀಯ ಸಂಘದ ಗುರುಗಳಾದ ನೇಮಿಚಂದ್ರ, ಧರ್ಮಕೀರ್ತಿ, ನಾಗಚಂದ್ರರನ್ನು ಹೆಸರಿಸುತ್ತದೆ. ದಿಗಂಬರರಂತೆ ಇವರ ಮುನಿಗಳು ನಗ್ನರಾಗಿರುತ್ತಿದ್ದರು. ಆದರೆ ಶ್ವೇತಾಂಬರರಂತೆ, ಹೆಣ್ಣಿಗೂ ಅದೇ ಜನ್ಮದಲ್ಲಿ ಮುಕ್ತಿಯುಂಟು ಎಂದು ನಂಬಿದ್ದರು. ಕರ್ನಾಟಕದಲ್ಲಿ ಶತಮಾನಗಳ ಕಾಲ ಬಾಳಿದ ಈ ಪಂಥ ಆಮೇಲೆ ಹೇಳಹೆಸರಿಲ್ಲದಂತಾಯಿತು. ಅದರ ಕಡೆಗಾಲದ ಕುರುಹುಗಳಲ್ಲಿ ಕಾಗವಾಡದ್ದೂ ಒಂದು. ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ವಿದ್ವಾಂಸ ಡಾ. ಆ. ನೇ. ಉಪಾಧ್ಯೆ ಇಂಥ ಬಿಡಿ ಶಾಸನಗಳನ್ನು ಗ್ರಂಥಗಳ ಉಲ್ಲೇಖಗಳೊಂದಿಗೆ ಹೋಲಿಸಿ ಯಾಪನೀಯರ ಚರಿತ್ರೆಯನ್ನು ಕಟ್ಟಿಕೊಟ್ಟರು.

ಆಪತ್ತು ಬಂದಾಗ ಮೂರ್ತಿಗಳನ್ನು ನೆಲದಡಿ ಇಳಿಸಿಡುವ ರೂಢಿ ಹಿಂದೆ ಇತ್ತು. ಬಾಗಿಲು ಮುಚ್ಚಿ ಮರೆತುಹೋದ ಇಂಥ ಕೋಣೆಗಳು ರಾಯಬಾಗ, ಅಥಣಿ, ನಿಪ್ಪಾಣಿಯ ಕಡೆಯೂ ಇರಬಹುದೇ? ಅಗೆಯದೆ ನೋಡಲು ಇಂದು ಒಂದು ಉಪಕರಣವಿದೆ. ಅದೇ ನೆಲದೊಳಗೆ ಇಣುಕುವ ರೇಡಾರ್.

ಚಿಕ್ಕ ಪೆಟ್ಟಿಗೆಯಂಥ ಈ ಯಂತ್ರವನ್ನು ನೆಲದ ಮೇಲೆ ನೇರ ಸಾಲುಗಳಲ್ಲಿ ಎಳೆಯುತ್ತಾರೆ. ಅದು ರೇಡಿಯೊ ಅಲೆಗಳನ್ನು ಕೆಳಕ್ಕೆ ಬಿಡುತ್ತದೆ. ಮಣ್ಣು ಮುಗಿದು ಕಲ್ಲೋ ಟೊಳ್ಳೋ ಎದುರಾದಲ್ಲಿ ಅಲೆಯ ಒಂದು ಪಾಲು ಹಿಂದಿರುಗುತ್ತದೆ. ಒಂದು ನ್ಯಾನೊಸೆಕೆಂಡಿಗೆ, ಎಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗಕ್ಕೆ, ಮಣ್ಣಿನಲ್ಲಿ ಅಲೆ ಸಾಗುವುದು ಸುಮಾರು 10 ಸೆಂಟಿಮೀಟರ್. 20 ನ್ಯಾನೊಸೆಕೆಂಡಿನಲ್ಲಿ ಹೋಗಿ ಬಂದರೆ ವಸ್ತು ಸುಮಾರು ಒಂದು ಮೀಟರ್ ಆಳದಲ್ಲಿದೆ ಎಂದು ಲೆಕ್ಕ.

ಲೆಕ್ಕವೇನೋ ಸುಲಭ, ತೊಡಕಿರುವುದು ಮಣ್ಣಿನಲ್ಲಿ. ಒಣ ಮರಳಿನಲ್ಲಿ ಹಲವು ಮೀಟರ್ ಇಳಿಯುವ ಅಲೆ, ತೇವ ಹಿಡಿದ ಜಿಗುಟು ಮಣ್ಣಿನಲ್ಲಿ ಒಂದು ಮೀಟರ್ ದಾಟುವುದೂ ಕಷ್ಟ. ಕೃಷ್ಣಾ ತೀರದ್ದು ಎರೆ ಮಣ್ಣು. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಸವಳು ಹತ್ತಿದ ಹೊಲಗಳೂ ಇಲ್ಲಿವೆ. ನೀರು, ಉಪ್ಪು, ಜಿಗುಟು ಮೂರೂ ಸೇರಿದರೆ ಅಲೆಯನ್ನು ಮಣ್ಣೇ ನುಂಗಿಬಿಡುತ್ತದೆ. ಕಬ್ಬು ಬೆಳೆಸಿದ ನೀರೇ ಸಂಶೋಧಕನ ಕಣ್ಣು ಕಟ್ಟುತ್ತದೆ! ಒಣಗಿದ ಕಲ್ಲುಹಾಸಿನ ಬಸದಿಯ ಮಾತು ಬೇರೆ. ಅಲ್ಲಿ ಹಾಸುಗಲ್ಲಿನ ಕೆಳಗಿನ ಟೊಳ್ಳು ಚೆನ್ನಾಗಿಯೇ ಪ್ರತಿಫಲಿಸುತ್ತದೆ.

ಹಾಗೆಂದು ಯಂತ್ರ ತೋರಿಸುವುದು ಚಿತ್ರವನ್ನಲ್ಲ, ವ್ಯತ್ಯಾಸವನ್ನು ಮಾತ್ರ. 2003ರಲ್ಲಿ ಅಯೋಧ್ಯೆಯ ರೇಡಾರ್ ಸಮೀಕ್ಷೆ 184 ವ್ಯತ್ಯಾಸಗಳನ್ನು ಗುರುತಿಸಿತ್ತು. ಅವೇನೆಂದು ತಿಳಿಯಲು ಅದೇ ವರ್ಷ ನ್ಯಾಯಾಲಯದ ಆದೇಶದಂತೆ ಉತ್ಖನನವೇ ನಡೆಯಬೇಕಾಯಿತು. ಕಾಗವಾಡದಲ್ಲಿ ರೇಡಾರ್ ಎಳೆದಿದ್ದರೂ ಹಾಸುಗಲ್ಲಿನ ಕೆಳಗೆ ಕೋಣೆಯಿದೆ ಎಂಬಷ್ಟನ್ನು ಹೇಳುತ್ತಿತ್ತು. ಅಲ್ಲಿ ನಾಗಚಂದ್ರನೆಂಬ ಯಾಪನೀಯ ಗುರುವಿನ ಹೆಸರಿದೆ ಎಂಬುದು ಕೆಳಗಿಳಿದು ಅಕ್ಷರ ಓದಿದವರಿಂದ ತಿಳಿದದ್ದು.